ಇಡುವ ಕಡಸು, ಕೊಡುವ ಕಡಸು

ಮುಚ್ಚಂಡಿಯ ಬಸಗೊಂಡಪ್ಪ ಕಡಸು ಆರಿಸಿದನೆಂದರೆ ಸುತ್ತಿನ ಹಳ್ಳಿಗಳಲ್ಲಿ ಅದಕ್ಕೆ ಎರಡನೇ ಮಾತಿರಲಿಲ್ಲ. ಖಿಲಾರಿ ತಳಿಯ ದನದ ಸೀಮೆ ಅದು. ಹೊಲ ಎತ್ತಿನ ಮೇಲೆ ನಿಂತಿತ್ತು, ಎತ್ತು ಆಕಳ ಮೇಲೆ ನಿಂತಿತ್ತು, ಯಾವ ಕಡಸು ಮುಂದೆ ಆಕಳಾಗಬೇಕು ಎನ್ನುವುದು ಬಸಗೊಂಡಪ್ಪನ ಬಡಿಗೆಯ ಮೇಲೆ ನಿಂತಿತ್ತು. ಜತ್ತದ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದು ನಾಲ್ಕೈದು ವರ್ಷವಾಗಿದ್ದರೂ ಈ ಬಡಿಗೆಯ ಅಧಿಕಾರ ಮಾತ್ರ ಯಾರ ಕೈಗೂ ಹೋಗಿರಲಿಲ್ಲ.

ವರ್ಷಕ್ಕೊಮ್ಮೆ, ಹೋಳಿ ಹುಣ್ಣಿಮೆ ಕಳೆದು ಜೋಳದ ಕಣಿಕೆಯ ಬಣವೆ ಒಟ್ಟಿದ ಮೇಲೆ, ಅವನು ಅಂಗಳದ ಬೇವಿನ ಗಿಡದ ಕೆಳಗಿನ ಕಲ್ಲಿನ ಮೇಲೆ ಕೂರುತ್ತಿದ್ದ. ಹೋರಿಗೆ ಬಿಡುವ ವಯಸ್ಸಿಗೆ ಬಂದ ಕಡಸುಗಳನ್ನು ಒಂದೊಂದಾಗಿ ಅವನ ಮುಂದೆ ತಂದು ನಿಲ್ಲಿಸಬೇಕು. ಬಡಿಗೆ ಎತ್ತಿ ಬೆನ್ನು ಮುಟ್ಟಿದನೋ, ಅದು ಮನೆಯಲ್ಲಿ ಉಳಿಯಿತು. ಬಡಿಗೆ ಏಳಲಿಲ್ಲವೋ, ಅದು ಸುಭಾನನ ಹಗ್ಗಕ್ಕೆ ಹೋಯಿತು. ಸುಭಾನ ಜತ್ತದವನು, ದನದ ದಲಾಲಿ. ಬಸಗೊಂಡಪ್ಪ ಬೇಡವೆಂದು ಬಿಟ್ಟ ಕಡಸಿಗೂ ಬಾಜಾರದಲ್ಲಿ ಗಿರಾಕಿ ಇದ್ದದ್ದರಿಂದ ಅವನು ಆ ದಿನ ತಪ್ಪದೆ ಹಾಜರಾಗುತ್ತಿದ್ದ.

ಎಲ್ಲ ಸರಿ. ಒಂದೇ ತೊಡಕೆಂದರೆ, ಬಸಗೊಂಡಪ್ಪನಿಗೆ ಮೂರು ವರ್ಷದಿಂದ ಕಣ್ಣು ಕಾಣುತ್ತಿರಲಿಲ್ಲ.

ಎರಡೂ ಕಣ್ಣಿಗೆ ಪರೆ ಬೆಳೆದು ಬಿಸಿಲು ಯಾವುದು ನೆರಳು ಯಾವುದು ಎನ್ನುವಷ್ಟೇ ಗೊತ್ತಾಗುತ್ತಿತ್ತು. ಮನೆಯವರಿಗೆಲ್ಲ ಇದು ತಿಳಿದಿತ್ತು. ಪ್ರತಿಯೊಬ್ಬರೂ ತಮಗೊಬ್ಬರಿಗೇ ತಿಳಿದಿದೆ ಎಂದುಕೊಂಡು ಬಾಯಿ ಮುಚ್ಚಿಕೊಂಡಿದ್ದರು. ಒಮ್ಮೆ ಅವನು ಹಗ್ಗದ ಮೇಲೆ ಒಣಹಾಕಿದ ಕಂಬಳಿಯ ಕಡೆ ತಿರುಗಿ, "ಬರ್ರಿ ಬೀಗರ, ಯಾವಾಗ ಬಂದ್ರಿ? ಕುಂದ್ರಿ" ಅಂದ. ಹೆಂಡತಿ ಗೌರವ್ವ ಸದ್ದಿಲ್ಲದೆ ಕಂಬಳಿ ಎಳೆದುಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತು ಬಿಟ್ಟು ಹೊರಗೆ ಬಂದು, "ಬೀಗರು ಹ್ವಾದ್ರು. ಭಾಳ ಅವಸರದಾಗಿದ್ರು" ಅಂದಳು. ಚಹಾ ಕೂಡ ಕುಡಿಯದೆ ಹೋದರಲ್ಲ ಎಂದು ಬಸಗೊಂಡಪ್ಪ ಸಂಜೆಯ ತನಕ ನೊಂದುಕೊಂಡ.

ಹಾಗಾದರೆ ಈ ಮೂರು ವರ್ಷ ಕಡಸು ಆರಿಸಿದವರು ಯಾರು? ಅದು ಸೊಸೆ ಸಿದ್ದವ್ವನಿಗೆ ಗೊತ್ತಿತ್ತು. ಯಾಕೆಂದರೆ ಆರಿಸಿದವಳು ಅವಳೇ.

ಅದು ಶುರುವಾದದ್ದು ಒಂದು ಉಣ್ಣಿಯಿಂದ. ಕೊಟ್ಟಿಗೆಯ ದನ ಅವಳ ಮಾತು ಕೇಳುತ್ತಿದ್ದವಾದ್ದರಿಂದ ಹಗ್ಗ ಹಿಡಿದು ಕಡಸು ತಂದು ನಿಲ್ಲಿಸುವ ಕೆಲಸ ಅವಳದಾಗಿತ್ತು. ಮೊದಲ ವರ್ಷ ಒಂದು ಚಲೋ ಕಡಸಿನ ಕೊರಳಲ್ಲಿ ಉಣ್ಣಿ ಕಚ್ಚಿತ್ತು. ಅವಳು ಕೈಯೆತ್ತಿ ಕಿತ್ತು ತೆಗೆದಳು. ಮುಂಗೈತುಂಬ ಇದ್ದ ಹಸಿರು ಗಾಜಿನ ಬಳೆಗಳು ಗಲಗಲ ಅಂದವು, ಮಾವನ ಬಡಿಗೆ ಎದ್ದಿತು. ಮುಂದಿನ ಕಡಸಿಗೆ ಉಣ್ಣಿ ಇರಲಿಲ್ಲ, ಬಳೆ ಸದ್ದಾಗಲಿಲ್ಲ, ಬಡಿಗೆಯೂ ಏಳಲಿಲ್ಲ. ಸಿದ್ದವ್ವನಿಗೆ ಅನುಮಾನ ಬಂತು. ಮರುವರ್ಷ ಉಣ್ಣಿ ಇಲ್ಲದ ಕೊರಳನ್ನೇ ಕೆರೆದು ನೋಡಿದಳು. ಬಡಿಗೆ ಎದ್ದಿತು.

ಅಂದಿನಿಂದ ಇಡುವ ಕಡಸಿನ ಕೊರಳು ಕೆರೆಯುವುದು, ಕೊಡುವ ಕಡಸಿನ ಹತ್ತಿರ ಕೈ ಕಟ್ಟಿ ನಿಲ್ಲುವುದು. ಅಂಗಳದಲ್ಲಿ ಹತ್ತು ಗಂಡಸರಿದ್ದರೂ ಯಾರ ಗಮನಕ್ಕೂ ಇದು ಬರಲಿಲ್ಲ. ಹೆಂಗಸಿನ ಕೈಯಲ್ಲಿ ಬಳೆ ಇರುತ್ತವೆ, ಇದ್ದ ಮೇಲೆ ಸದ್ದು ಮಾಡುತ್ತವೆ, ಅದರಲ್ಲಿ ಕಿವಿಗೊಟ್ಟು ಕೇಳುವಂಥದ್ದೇನಿದೆ? ಅವಳು ಆರಿಸಿದ ಕಡಸುಗಳು ಕರು ಹಾಕಿದವು, ಕರುಗಳು ಬದುಕಿದವು, ಬಸಗೊಂಡಪ್ಪನ ಹೆಸರು ಇನ್ನಷ್ಟು ಮೇಲಕ್ಕೇರಿತು. ಪಾಪ, ತನ್ನ ಅಂದಾಜಿನಿಂದಲೇ ಆರಿಸುತ್ತಿದ್ದೇನೆ ಎಂದು ಮಾವ ತಿಳಿದಿದ್ದಾನೆ, ಆ ಮರ್ಯಾದೆಯನ್ನು ಅವನಿಗೂ ತಿಳಿಯದಂತೆ ನಾನು ಕಾಯುತ್ತಿದ್ದೇನೆ ಎಂದು ಸಿದ್ದವ್ವ ಅಂದುಕೊಂಡಿದ್ದಳು. ಅದರ ಬಗ್ಗೆ ಅವಳಿಗೆ ಒಳಗೊಳಗೇ ಸ್ವಲ್ಪ ಜಂಬವೂ ಇತ್ತು.

ಈ ವರ್ಷ ಕಡಸುಗಳು ನಾಲ್ಕು, ಬಣವೆಯಲ್ಲಿ ಮೇವಿದ್ದದ್ದು ಎರಡಕ್ಕೆ. ಹರಣಿಯ ಬಗ್ಗೆ ಯೋಚಿಸುವ ಅಗತ್ಯವೇ ಇರಲಿಲ್ಲ, ಅಷ್ಟು ಚೊಕ್ಕವಾದ ದನ. ಕಪಲಿಯ ಬಗ್ಗೆಯೂ ಇರಲಿಲ್ಲ, ಅದರ ಹಿಂಗಾಲು ಒಂದಕ್ಕೊಂದು ತಾಗುತ್ತಿದ್ದವು. ಉಳಿದವು ಸಣ್ಣವ್ವ ಮತ್ತು ಬೆಳ್ಳಿ. ಸಣ್ಣವ್ವನ ಮೈ ಬೂದಿ ಬಣ್ಣ, ಒಂದು ಕೋಡು ಕಿವಿಯ ಕಡೆ ಇಳಿದಿತ್ತು, ಮೋರೆ ಸದಾ ಯಾರೋ ಬೈದ ಹಾಗೆ. ಆದರೆ ಸೊಂಟ ಅಗಲ, ಗೊರಸು ಗಟ್ಟಿ. ಅದರ ತಾಯಿ ಒಂಬತ್ತು ಕರು ಹಾಕಿ ಒಂಬತ್ತನ್ನೂ ಉಳಿಸಿಕೊಂಡದ್ದಲ್ಲದೆ ತಬ್ಬಲಿ ಕರುವೊಂದಕ್ಕೆ ಮೊಲೆ ಕೊಟ್ಟಿತ್ತು. ಬೆಳ್ಳಿ ನೋಡಲು ಹಾಲು ಬಿಳಿ, ಉದ್ದ ಮೋರೆ, ಹಿಂದಕ್ಕೆ ಬಾಗಿದ ಜೋಡಿ ಕೋಡು. ದಾರಿಯಲ್ಲಿ ಹೋಗುವವರು ನಿಂತು ನೋಡಿ ಹೋಗುತ್ತಿದ್ದರು. ಸಿದ್ದವ್ವನ ಗಂಡ ಮುರಗೆಪ್ಪ ಅದಕ್ಕೆ ಈಗಲೇ ಗೆಜ್ಜೆಸರ ತಂದಿಟ್ಟಿದ್ದ.

ಬೆಳ್ಳಿ ಸಿದ್ದವ್ವನ ತವರಿನ ದನ. ಏಳು ವರ್ಷದ ಹಿಂದೆ ಅವಳು ತಿಕೋಂಡಿಯಿಂದ ಮದುವೆಯಾಗಿ ಬಂದಾಗ ಅಪ್ಪ ಬಳುವಳಿಯಾಗಿ ಚಂದ್ರಿ ಎಂಬ ಆಕಳನ್ನು ಕೊಟ್ಟಿದ್ದ. ಆಮೇಲೆ ಅಪ್ಪ ತೀರಿಕೊಂಡ. ಅಣ್ಣನ ಹೆಂಡತಿಯ ಕೈಗೆ ಮನೆ ಹೋಯಿತು. ಪಂಚಮಿಗೆ ಕರೆಯಲು ಬರುವುದು ಒಂದು ವರ್ಷ ತಡವಾಯಿತು, ಮರುವರ್ಷ ಇನ್ನೂ ತಡವಾಯಿತು, ನಾಲ್ಕು ವರ್ಷದಿಂದ ಯಾರೂ ಬರಲೇ ಇಲ್ಲ. ಹೋದ ಮಾಗಿಯಲ್ಲಿ ಚಂದ್ರಿಯೂ ಸತ್ತಿತು. ತವರು ಅಂತ ಉಳಿದದ್ದು ಈ ಕಡಸೊಂದೇ. ಅದನ್ನು ಉಳಿಸಿಕೊಳ್ಳಬೇಕೆಂದು ಸಿದ್ದವ್ವನಿಗೆ ಬಹಳ ಆಸೆಯಿತ್ತು.

ಆದರೆ ಅಪ್ಪ ಚಂದ್ರಿಯ ಹಗ್ಗ ಕೊಡುವಾಗ ಕಿವಿಯಲ್ಲಿ ಒಂದು ಮಾತು ಹೇಳಿದ್ದ. "ಕರಾ ಬಿಡಬೇಕಾದ್ರ ಎಡಗಾಲ ಕಟ್ಟವ್ವಾ. ಇದರ ತಾಯಿನೂ ಹಿಂಗs. ಗಂಡನ ಮನ್ಯಾಗ ಹೇಳಬ್ಯಾಡ." ಚಂದ್ರಿ ಹೆತ್ತ ಕರುವನ್ನು ಒದೆಯುವ ಆಕಳು. ನಾಲ್ಕು ಕರು ಹಾಕಿತು. ಮೊದಲನೆಯದೂ ಕೊನೆಯದೂ ಕಾಲು ಕಟ್ಟಲು ಸಿದ್ದವ್ವ ಓಡಿ ಬರುವಷ್ಟರಲ್ಲಿ ಒದೆ ತಿಂದು ಸತ್ತವು. ಉಳಿದೆರಡು, ಒಂದು ಹೋರಿ ಮತ್ತು ಬೆಳ್ಳಿ, ಅವಳು ತಿಂಗಳುಗಟ್ಟಲೆ ಕಾಲು ಕಟ್ಟಿ ಕುಡಿಸಿದ್ದರಿಂದ ಬದುಕಿದವು. ಸತ್ತ ಕರುಗಳಿಗೆ ನಂಜು ಬಡಿಯಿತೆಂದು ಅವಳು ಮನೆಯಲ್ಲಿ ಹೇಳಿದಳು. ಕರು ಹಾಕಿಸುವ, ಕುಡಿಸುವ ಹೊತ್ತಿಗೆ ಗಂಡಸರು ಕೊಟ್ಟಿಗೆಗೆ ಬರುವುದಿಲ್ಲವಾದ್ದರಿಂದ ಎಲ್ಲರೂ ನಂಬಿದರು.

ಹಿಂದಿನ ವಾರ ಪುಟ್ಟ ಕರುವೊಂದು ತಾಯಿಯೆಂದು ತಪ್ಪಿ ಬೆಳ್ಳಿಯ ಹೊಟ್ಟೆಯ ಕೆಳಗೆ ಮೂತಿ ತೂರಿಸಿತ್ತು. ಬೇರೆ ಕಡಸಾಗಿದ್ದರೆ ಸರಿದು ನಿಲ್ಲುತ್ತಿತ್ತು, ಹೆಚ್ಚೆಂದರೆ ತಲೆ ಬೀಸುತ್ತಿತ್ತು. ಬೆಳ್ಳಿ ತಿರುಗಿ ನೋಡಿತು, ಕರು ಸರಿಯಾಗಿ ಬಂದು ನಿಲ್ಲುವ ತನಕ ಕಾಯಿತು, ಆಮೇಲೆ ಎಡಗಾಲಲ್ಲಿ ಒದ್ದಿತು. ಅದೇ ಕಾಲು, ಅದೇ ಹೊಂಚು. ಕರು ಮೂರು ದಿನ ಕುಂಟಿತು. ಕಲ್ಲು ಎಡವಿತೆಂದು ಸಿದ್ದವ್ವ ಹೇಳಿದಳು, ಹೇಳಿ ಹಿತ್ತಲಿಗೆ ಹೋಗಿ ಒಬ್ಬಳೇ ಕೂತಳು.

ಇಷ್ಟು ಗೊತ್ತಿದ್ದೂ ಕೊರಳು ಕೆರೆಯಬಹುದಿತ್ತು. ಊರೆಲ್ಲ ಬೆಳ್ಳಿಯೇ ಉಳಿಯುತ್ತದೆ ಎಂದುಕೊಂಡಿತ್ತು, ಯಾರೂ ಒಂದು ಮಾತು ಕೇಳುತ್ತಿರಲಿಲ್ಲ.

ಆರಿಸುವ ದಿನ ಸುಭಾನ ಹೊತ್ತೇರುವ ಮೊದಲೇ ಬಂದ. ಚಹಾ ಕುಡಿದು, ಎಲೆಯಡಿಕೆ ಹಾಕಿಕೊಂಡು, ಕಟ್ಟೆಯ ಮೇಲೆ ಕೂತ. ಅಕ್ಕಪಕ್ಕದ ಗಂಡಸರು ಏಳೆಂಟು ಮಂದಿ ಬಂದು ನಿಂತರು. ಬಸಗೊಂಡಪ್ಪ ರುಮಾಲು ಸುತ್ತಿಕೊಂಡು ಗೋಡೆ ಸವರುತ್ತ ಬಂದು ಕಲ್ಲಿನ ಮೇಲೆ ಕೂತ. ಗೋಡೆ ಸವರುವುದು ಅವನ ಹಳೆಯ ರೂಢಿ ಎಂಬಂತೆ ಎಲ್ಲರೂ ಬೇರೆ ಕಡೆ ನೋಡಿದರು.

"ತಾ ತಂಗಿ" ಎಂದು ಸೊಸೆಗೆ ಹೇಳಿದ.

ಸಿದ್ದವ್ವ ಹರಣಿಯನ್ನು ತಂದು ಕೊರಳು ಕೆರೆದಳು. ಬಡಿಗೆ ಎದ್ದು ಬೆನ್ನು ಮುಟ್ಟಿತು. ಜನ ತಲೆದೂಗಿದರು. ಕಪಲಿಯನ್ನು ತಂದು ಸುಮ್ಮನೆ ನಿಂತಳು. ಬಡಿಗೆ ಏಳಲಿಲ್ಲ. "ಕಣ್ಣಂದ್ರ ಇವು ನೋಡ್ರಿ" ಎಂದು ಯಾರೋ ಅಂದರು. ಮೂರನೆಯದಾಗಿ ಬೆಳ್ಳಿಯನ್ನು ತಂದಳು.

ಏನು ಮಾಡಬೇಕೆಂದು ಅವಳು ನಿಶ್ಚಯಿಸಿರಲಿಲ್ಲ. ಕೈ ಮಾತ್ರ ತಾನಾಗಿ ಎದ್ದು ಕೊರಳಿಗೆ ಹೋಯಿತು. ಬೆಳ್ಳಿ ಚಿಕ್ಕದಿದ್ದಾಗಿನಿಂದ ಆ ಕೈಗೆ ಅದೇ ದಾರಿ ಗೊತ್ತು. ಬಳೆ ಗಲ್ ಎನ್ನುವಷ್ಟರಲ್ಲಿ ಕುಂಟುವ ಕರು ಕಣ್ಣ ಮುಂದೆ ಬಂತು. ಗಬಕ್ಕನೆ ಇನ್ನೊಂದು ಕೈಯಿಂದ ಬಳೆಗಳನ್ನು ಹಿಡಿದುಕೊಂಡಳು.

ಬಸಗೊಂಡಪ್ಪನ ಬಡಿಗೆ ಎದ್ದಿತು. ಅರ್ಧಕ್ಕೆ ನಿಂತಿತು. ಅಲ್ಲೇ ಇತ್ತು. ಜನ ಕಾದರು. ಸುಭಾನ ಎಲೆ ಅಗಿಯುವುದನ್ನು ನಿಲ್ಲಿಸಿದ.

"ಸಿದ್ದವ್ವಾ," ಅಂದ ಮುದುಕ, "ಅರ್ಧ ಸಪ್ಪಳಾತಲ್ಲವ್ವಾ. ಪೂರಾ ಆದ್ರ ಮುಟ್ಟಸ್ತೀನಿ, ಆಗಲಿಲ್ಲಂದ್ರ ಬಿಡ್ತೀನಿ. ಅರ್ಧ ಸಪ್ಪಳಕ್ಕ ನಾ ಏನ್ ಮಾಡ್ಲಿ ಹೇಳು?"

ಮಾವನಿಗೆ ಎಲ್ಲ ಗೊತ್ತಿತ್ತೆಂದು ಸಿದ್ದವ್ವನಿಗೆ ಆಗ ತಿಳಿಯಿತು. ಉಳಿದವರಿಗೆ ಏನೂ ತಿಳಿಯಲಿಲ್ಲ.

"ಯಾ ಸಪ್ಪಳ ಅಪ್ಪಾ?" ಎಂದು ಕೇಳಿದ ಮುರಗೆಪ್ಪ.

"ಈಕಿ ಬಳಿ ಸಪ್ಪಳ. ನನಗ ಕಣ್ಣ ಕಾಣವಲ್ವು, ಮೂರ ವರ್ಷಾತು. ಈಕಿ ಬಳಿ ಕೇಳಿ ಬಡಿಗಿ ಎತ್ತತೀನಿ."

ಮುರಗೆಪ್ಪ, "ಏನಂದಿ!" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡ. ಗೌರವ್ವ ಸೆರಗು ಬಾಯಿಗೆ ಒತ್ತಿಕೊಂಡು, "ಅಯ್ಯ ಶಿವನ, ನಮಗ ಒಬ್ಬರಿಗೂ ಗೊತ್ತs ಆಗಿಲ್ಲಲ್ಲ" ಅಂದಳು. ಸುಭಾನ ನೆಲ ನೋಡಿದ. ಹೋದ ವರ್ಷ ಬಸಗೊಂಡಪ್ಪ ಅವನನ್ನು ನೆರೆಮನೆಯ ತಮ್ಮಣ್ಣನೆಂದು ತಿಳಿದು ಅವನ ಹೆಂಡತಿಯ ಮೊಣಕಾಲು ನೋವು ವಿಚಾರಿಸಿದ್ದ, ಸುಭಾನ ಈಗ ಅಡ್ಡಿಯಿಲ್ಲ ಎಂದು ಹೇಳಿಬಿಟ್ಟಿದ್ದ. ಒಟ್ಟಿನಲ್ಲಿ ಅಂಗಳದ ಜನವೆಲ್ಲ ಚೆನ್ನಾಗಿಯೇ ಬೆರಗಾದರು.

ಮುದುಕ ಎದ್ದು ನಿಂತ. "ಕದ್ದು ಆರಿಸೂದು ಸಾಕು ತಂಗಿ. ಬಾ, ಕಲ್ಲಿನ ಮ್ಯಾಲೆ ಕುಂದ್ರು. ಬಡಿಗಿ ಹಿಡಿ. ಹಗ್ಗ ನಾ ಹಿಡೀತೀನಿ."

ಆ ಕಲ್ಲಿನ ಮೇಲೆ ಹೆಂಗಸು ಕೂತದ್ದು ಯಾರಿಗೂ ನೆನಪಿರಲಿಲ್ಲ. ಬೇಡವೆನ್ನಲು ಸಿದ್ದವ್ವ ಅತ್ತೆಯ ಮೋರೆ ನೋಡಿದಳು. ಗೌರವ್ವ ಮೊದಲು ಗಂಡನನ್ನು, ಆಮೇಲೆ ನೆರೆದ ಗಂಡಸರನ್ನು ನೋಡಿ, "ಹೇಳಿದ್ದ ಕೇಳಿಸಲಿಲ್ಲೇನು? ಕುಂದ್ರು" ಅಂದಳು. ಸಿದ್ದವ್ವ ಸೆರಗು ಎಳೆದುಕೊಂಡು ಕಲ್ಲಿನ ತುದಿಯಲ್ಲಿ ಕೂತಳು. ಬಡಿಗೆ ಅವಳು ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು.

ಬಸಗೊಂಡಪ್ಪ ಬೆಳ್ಳಿಯ ಹಗ್ಗ ಹಿಡಿದು ಗೋಡೆ ಸವರುತ್ತ ಕೊಟ್ಟಿಗೆಗೆ ಹೋಗಿ, ಇನ್ನೊಂದು ಕೈಯಲ್ಲಿ ಸಣ್ಣವ್ವನ ಹಗ್ಗ ಹಿಡಿದು ಹೊರಬಂದ. ಕಲ್ಲು ಬಿಟ್ಟು ನೇರ ಬೇವಿನ ಬೊಡ್ಡೆಗೇ ಹಾಯುವಂತೆ ಹೊರಟ. ಬೆಳ್ಳಿ ತಲೆ ಕೊಡವಿ ಹಗ್ಗ ಜಗ್ಗಿತು. ಸಣ್ಣವ್ವ ಅಡ್ಡ ನಿಂತಿತು, ಮುದುಕನ ಮೊಣಕೈ ತನ್ನ ಪಕ್ಕೆಗೆ ತಾಗುವ ತನಕ ನಿಂತು, ಆಮೇಲೆ ಅವನನ್ನು ಮೆಲ್ಲಗೆ ಕಲ್ಲಿನ ಕಡೆಗೆ ನಡೆಸಿಕೊಂಡು ಬಂತು. ಯಾರೂ ನಗಲಿಲ್ಲ.

"ಎರಡೂ ಮುಂದದಾವ," ಅಂದ. "ಒಂದು ಇಡೂದು, ಒಂದು ಕೊಡೂದು."

ಬಳೆಯ ಸದ್ದಿನಿಂದ ಆರಿಸುವಾಗ ಸುಳ್ಳು ಹೇಳಿದ್ದರೆ ಆ ಸುಳ್ಳು ಮಾವನ ಬಡಿಗೆಯದಾಗುತ್ತಿತ್ತು. ಈಗ ಬಡಿಗೆ ತನ್ನ ಕೈಯಲ್ಲಿತ್ತು. ಬೆಳ್ಳಿ ಅವಳನ್ನು ನೋಡಿ ಉಸಿರು ಬಿಟ್ಟಿತು. ಹೀಗೆ ನೋಡುತ್ತ ಕೂತರೆ ಆಗುವುದಿಲ್ಲವೆಂದು ತಟ್ಟನೆ ಕೈ ಚಾಚಿ ಸಣ್ಣವ್ವನ ಬೆನ್ನು ಮುಟ್ಟಿದಳು.

"ಯಾವುದಕ್ಕ ಮುಟ್ಟಿದಿ?" ಎಂದು ಕೇಳಿದ ಮಾವ.

"ಸಣ್ಣವ್ವಗರಿ."

ಮುರಗೆಪ್ಪ ಎರಡು ಹೆಜ್ಜೆ ಮುಂದೆ ಬಂದ. "ತಲಿ ಕೆಟ್ಟೈತೇನು ನಿನಗ? ಸೊಟ್ಟ ಕೋಡಿಂದು ಇಟಕೊಂಡು ಬೆಳ್ಳೀನ ಬಿಡ್ತಿ? ನಿನ್ನ ತವರಮನಿ ದನ ಅದು!"

"ಅದಕ್ಕs ನನಗ ಗೊತ್ತರಿ" ಅಂದಳು ಸಿದ್ದವ್ವ. ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಚಂದ್ರಿ ಕರಾ ಒದೀತಿತ್ತು. ಅದರ ತಾಯಿನೂ ಒದೀತಿತ್ತು. ಎರಡ ಕರಾ ನಂಜಿಲೆ ಸತ್ತಿಲ್ಲ, ಒದಿ ತಿಂದು ಸತ್ತಾವ. ನಾ ಸುಳ್ಳ ಹೇಳೀನಿ. ಇದೂ ಒದೀತೈತಿ. ಮೊನ್ನೆ ಕರಾ ಕುಂಟಿದ್ದು ಕಲ್ಲ ಎಡವಿ ಅಲ್ಲ."

ಈ ಸಲ ಬೆರಗು ನಿಜವಾದದ್ದಾಗಿತ್ತು. ಗೌರವ್ವ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮುದುಕ, "ನನಗ ಗೊತ್ತಿತ್ತು" ಅಂದ. "ಕೊಟ್ಟಿಗಿ ಬಾಜೂಕ ಮಲಗಾಂವ ನಾ. ಒದ್ದಿದ್ದೂ ಕೇಳೀನಿ, ನೀ ಅತ್ತಿದ್ದೂ ಕೇಳೀನಿ."

"ಮತ್ತ ಯಾಕ ಹೇಳಲಿಲ್ಲರಿ ಮಾವಾರ?"

"ನೀ ನನ್ನ ಕಣ್ಣಿಂದು ಯಾರಿಗರೆ ಹೇಳಿದ್ದೇನು?"

ಮುರಗೆಪ್ಪ ಹೋಗಿ ಕಟ್ಟೆಯ ಮೇಲೆ ಕೂತು ಗೆಜ್ಜೆಸರವನ್ನು ಕೈಯಲ್ಲಿ ತಿರುಗಿಸತೊಡಗಿದ.

ಸುಭಾನ ಎಲೆ ಉಗಿದು ಬಂದು ಬೆಳ್ಳಿಯ ಸುತ್ತ ಒಂದು ಸುತ್ತು ಹಾಕಿದ, ಹಿಂಗಾಲಿನಿಂದ ಸಾಕಷ್ಟು ದೂರದಲ್ಲಿಯೇ. "ಹಿಂಗಂದ ಮ್ಯಾಲೆ ತಳಿಗೆ ಅಂತ ಇದನ್ನ ಮಾರಾಕ ಬರೂದಿಲ್ಲ," ಅಂದ. "ಆದ್ರ ಒಬ್ಬ ಕಿರಾಣಿ ಸಾವ್ಕಾರ ಹೊಸಾ ಮನಿ ಕಟ್ಯಾನ. ಬಾಗಲ ಮುಂದ ಒಂದ ಬೆಳ್ಳಾನ ಆಕಳ ನಿಂದ್ರಬೇಕಂತ ಆತಗ. ಹಾಲ ಬ್ಯಾಡ, ಕರಾ ಬ್ಯಾಡ. ಬೆಳ್ಳಗ ನಿಂತ್ರ ಸಾಕು. ನಾ ಇದ್ದದ್ದ ಇದ್ದಂಗ ಹೇಳೇ ಕೊಡ್ತೀನಿ."

"ಯಾ ಊರರಿ ಕಾಕಾ?" ಎಂದು ಕೇಳಿದಳು ಸಿದ್ದವ್ವ.

"ತಿಕೋಂಡಿ."

ಸಿದ್ದವ್ವನ ತವರೂರು, ಅವಳು ನಾಲ್ಕು ವರ್ಷದಿಂದ ನೋಡದ ಊರು. ಕರೆಯಲು ಯಾರೂ ಬರದಿದ್ದರೂ ಕಡಸಿಗೆ ಬುಲಾವು ಬಂದಿತ್ತು. ಎದ್ದು ಬಂದು ಬೆಳ್ಳಿಯ ಹಗ್ಗ ಬಿಚ್ಚಿ ಸುಭಾನನ ಹಗ್ಗ ಕಟ್ಟಿದಳು.

"ಊರ ಹೊರಗ ಹುಣಸಿ ಗಿಡದ ಹಂತ್ಯಾಕ ಒಂದ ಭಾವಿ ಐತ್ರಿ," ಅಂದಳು. "ಅಲ್ಲಿ ನೀರ ಕುಡಿಸಿ ಊರಾಗ ಒಯ್ರಿ. ಇದರ ಅವ್ವ ಅಲ್ಲೇ ಕುಡೀತಿತ್ತು. ಎಡಕ್ಕ ನಿಂದ್ರಬ್ಯಾಡ್ರಿ."

"ಆತವ್ವಾ" ಎಂದ ಸುಭಾನ. ಮೂವತ್ತು ವರ್ಷ ದನ ಹೊಡೆದವನಿಗೆ ಎಲ್ಲಿ ನಿಲ್ಲಬೇಕೆಂದು ಹೆಂಗಸರು ಹೇಳಬೇಕಾಗಿರಲಿಲ್ಲ. ಬಾಗಿಲು ದಾಟುವಾಗ ಕಪಲಿಯ ಹಗ್ಗ ಸಿಕ್ಕಿಕೊಂಡಿತೆಂದು ಬೆಳ್ಳಿಯ ಎಡಕ್ಕೆ ಸರಿದ. ಬೆಳ್ಳಿ ತಿರುಗಿ ನೋಡಿತು. ಅವನು ಸರಿಯಾಗಿ ಬಂದು ನಿಲ್ಲುವ ತನಕ ಕಾಯಿತು. ಆಮೇಲೆ ಒದ್ದಿತು.

ಸುಭಾನ ಮೊಣಕಾಲು ಹಿಡಿದುಕೊಂಡು ಒಂಟಿ ಕಾಲಲ್ಲಿ ಕುಣಿದ. ಇಡೀ ಅಂಗಳ ಗೊಳ್ಳೆಂದು ನಕ್ಕಿತು, ಮುರಗೆಪ್ಪನೂ ನಕ್ಕ. ತನ್ನ ಮಾತನ್ನು ಊರ ಮುಂದೆ ಖರೆ ಮಾಡಿ ಹೋಗುತ್ತಿರುವ ದನವನ್ನು ನೋಡಿ ಸಿದ್ದವ್ವನಿಗೂ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಕಲ್ಲಿನ ಮೇಲೆ ಬಂದು ಕೂತಳು. ಬೆಳ್ಳಿಯ ಬಿಳಿ ಬೆನ್ನು ಬೇಲಿಯ ಮೇಲೆ ಸ್ವಲ್ಪ ದೂರ ಕಂಡಿತು, ತಿರುವಿನಲ್ಲಿ ಕಾಣದಾಯಿತು.

ಜನ ಚದುರಿದರು. ಮುದುಕ ಸಣ್ಣವ್ವನ ಹಗ್ಗ ಹಿಡಿದು ಅಲ್ಲೇ ನಿಂತಿದ್ದ. ಸಿದ್ದವ್ವ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡಳು. ಒಮ್ಮೆ ಒರೆಸಿದರೆ ಸಾಲಲಿಲ್ಲ, ಇನ್ನೊಮ್ಮೆ ಒರೆಸಿಕೊಂಡಳು. ಬಳೆಗಳು ಗಲಗಲ ಅಂದವು.

ಬಸಗೊಂಡಪ್ಪ ಸದ್ದು ಬಂದ ಕಡೆ ತಲೆ ಎತ್ತಿದ.

"ಮತ್ಯಾವುದು ಇಟಗೊಂಡಿ ತಂಗಿ?"

"ಯಾವುದೂ ಇಲ್ಲರಿ ಮಾವಾರ" ಅಂದಳು ಸಿದ್ದವ್ವ.